ಬಳೆಯ ಅಳತೆಯ ಪಿಸ್ಟನ್

ಕುಕ್ಕರಿನ ರಬ್ಬರ್ ರಿಂಗು ಬದಲಾಯಿಸಲು ಬರುವ ಹೆಂಗಸಿಗೆ ಈ ಭೂಮಿಯ ಮೇಲೆ ಬಿಚ್ಚಿ ಕೂಡಿಸಲಾಗದ ಯಂತ್ರವೇ ಇಲ್ಲ ಎಂದು ಈ ಶ್ರಾವಣದವರೆಗೂ ನಾನು ಮನಸಾರೆ ನಂಬಿದ್ದೆ. ನಂಬದೆ ಏನು ಮಾಡಲಿ? ನಮ್ಮ ಮನೆಯಲ್ಲಿ ಮಿಕ್ಸರಿನ ಜಾರು ಸೋರಿದರೆ ನಾನೇ ಬೇಕು, ಗ್ಯಾಸಿನ ಬರ್ನರು ಕಟ್ಟಿದರೆ ನನ್ನ ಸೂಜಿಯೇ ಬೇಕು. ನಮ್ಮ ಮನೆಯವರು ಕಚೇರಿಯಲ್ಲಿ ಫೈಲು ನೋಡುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡವರು. ಬಲ್ಬು ಹೋದರೆ "ಸದರಿ ಬಲ್ಬು ಕೆಟ್ಟಿರುತ್ತದೆ" ಎಂದು ಹೇಳಿ ಕತ್ತಲಲ್ಲೇ ಕೂಡುವ ಪೈಕಿ. ಅಂಥವರ ಮುಂದೆ ಸ್ಕ್ರೂಡ್ರೈವರ್ ಹಿಡಿಯಬಲ್ಲ ಹೆಂಡತಿಗೆ ಸ್ವಲ್ಪ ಅಹಂಕಾರ ಬರುವುದು ಸಹಜ. ಶಿವ ಅದನ್ನು ನೋಡಿಕೊಂಡೇ ಕೂತಿದ್ದ.

ನನ್ನ ತವರು ಕಮಲಾಪುರ. ಕಲಬುರಗಿಯಲ್ಲಿ ಬಸ್ಸು ಹತ್ತಿ ಒಂದು ಸಣ್ಣ ನಿದ್ದೆ ತೆಗೆದು ಎದ್ದರೆ ಊರು ಬಂದಿರುತ್ತದೆ. ಅಲ್ಲಿ ನನ್ನ ಅಣ್ಣ ಬಸಣ್ಣ ಇದ್ದಾನೆ, ಅವನ ಹೆಂಡತಿ, ನಮ್ಮ ವೈನಿ ನೀಲಮ್ಮ ಇದ್ದಾಳೆ, ಕೆಂಪು ಬಾಳೆಯ ತೋಟ ಇದೆ. ಇವೆಲ್ಲಕ್ಕಿಂತ ಮಿಗಿಲಾಗಿ ಅಣ್ಣನ ಪೆಟ್ರೋಲ್ ಗರಗಸ ಇದೆ. ಹಗ್ಗ ಎಳೆದರೆ ಗುರ್ ಎಂದು ಮರ ಕೊಯ್ಯುವ ಮಷೀನು. ಒಂದು ಕಾಲಕ್ಕೆ ಊರಿಗೆಲ್ಲ ಅದೊಂದೇ ಇತ್ತು. ಯಾರ ಮನೆಯ ಮುಂದೆ ಮರ ಬಿದ್ದರೂ "ಬಸಣ್ಣನ್ನ ಕರೀರಿ" ಎನ್ನುತ್ತಿದ್ದರು. ಅಣ್ಣ ಅದನ್ನು ಹೆಗಲ ಮೇಲೆ ಇಟ್ಟುಕೊಂಡು ಹೋಗುವಾಗ ಮದುಮಗನ ನಡಿಗೆ ನಡೆಯುತ್ತಿದ್ದ.

ಈಗ ಅದಕ್ಕೆ ವಯಸ್ಸಾಗಿದೆ. ಹಗ್ಗ ಎಳೆದೆಳೆದು ಅಣ್ಣನ ರಟ್ಟೆ ನೋಯುತ್ತದೆ, ಅದು ಮಾತ್ರ ಎರಡು ಸಲ ಕೆಮ್ಮಿ ಸುಮ್ಮನಾಗುತ್ತದೆ. ಅಷ್ಟರಲ್ಲಿ ಎದುರುಮನೆಯ ರೇವಣಪ್ಪ ಹೊಸ ಗರಗಸ ತಂದ. ಅಣ್ಣ ಕಟ್ಟೆಯ ಮೇಲೆ ನಾಲ್ಕು ಮಂದಿಯ ಮುಂದೆ "ಅದೇನ್ ಗರಗಸ? ಹುಡುಗೂರ ಆಟಗಿ ಸಾಮಾನು" ಅಂದುಬಿಟ್ಟ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಓಣಿ ಒಂದೇ, ಬಾಗಿಲು ಎದುರುಬದುರು, ಆದರೂ ಇವನು ಹೊರಗೆ ಬಂದರೆ ಅವನು ಒಳಗೆ.

ಹೀಗಿರುವಾಗ ಶ್ರಾವಣ ಬಂತು. ಊರ ಮಠದಲ್ಲಿ ತಿಂಗಳಿಡೀ ಪುರಾಣ ಹೇಳುತ್ತಾರೆ, ಕಡೆಯ ಸೋಮವಾರ ಮಂಗಲ. ಅವತ್ತು ಊರಿಗೆಲ್ಲ ದಾಸೋಹ. ಮೊದಲ ದಿನವೇ ಭಕ್ತರು ಒಬ್ಬೊಬ್ಬರಾಗಿ ಎದ್ದು ತಮ್ಮ ತಮ್ಮ ಸೇವೆ ಹೇಳುತ್ತಾರೆ, ಮೈಕಿನಲ್ಲಿ ಹೆಸರು ಕೂಗುತ್ತಾರೆ. ಈ ಸಲ ಆ ದಿನಕ್ಕೆ ನಾನೂ ಊರಿಗೆ ಹೋಗಿದ್ದೆ. ರೇವಣಪ್ಪನ ಹೆಂಡತಿ ಎದ್ದು "ಹುಗ್ಗಿಗೆ ಬೆಲ್ಲ ನಮ್ದು" ಅಂದಳು. ಅಂದು ಕೂಡುವಾಗ ಸೆರಗು ಸರಿಮಾಡಿಕೊಳ್ಳುತ್ತ ನಮ್ಮ ವೈನಿಯ ಕಡೆ ಒಂದು ನೋಟ ಬೀರಿದಳು. ವೈನಿ ಸುಮ್ಮನಿದ್ದಳು. ನಾನಿರಬೇಕಲ್ಲ?

ಎದ್ದು ನಿಂತು, "ಮಂಗಲದ ದಿನ ಒಲಿಗಿ ಬೇಕಾದ ಕಟ್ಟಿಗಿ ಎಲ್ಲಾ ನಂದು" ಅಂದೆ.

ಮೈಕು ಊರಿಗೆಲ್ಲ ಸಾರಿತು: "ಕಟ್ಟಿಗೆ ಸೇವೆ, ಕಲಬುರಗಿಯ ಮಹಾದೇವಮ್ಮನವರು!"

ಕಟ್ಟಿಗೆ ನನ್ನದಲ್ಲ. ಅಣ್ಣನ ಹೊಲದ ಬದುವಿನಲ್ಲಿ ಬೇಸಿಗೆಯ ಗಾಳಿಗೆ ಒಂದು ದೊಡ್ಡ ಬೇವಿನ ಮರ ಬಿದ್ದು ಒಣಗಿತ್ತು, ಅದನ್ನು ನೆನೆದು ಅಂದದ್ದು. ಆ ಮರವನ್ನು ತುಂಡು ಮಾಡಬೇಕಾದ ಗರಗಸಕ್ಕೆ ಉಸಿರಿಲ್ಲ ಎಂಬುದು ಮೈಕು ಆರಿದ ಮೇಲೆ ನೆನಪಾಯಿತು.

ಮನೆಗೆ ಬಂದ ಮೇಲೆ ಅಣ್ಣ ಬೈಯಲಿಲ್ಲ. ಅವನಿಗೂ ರೇವಣಪ್ಪನ ಹೆಂಡತಿಯ ನೋಟ ಕಂಡಿತ್ತು.

"ಆಗ್ಲಿ ಬಿಡು. ಒಳಗಿನ ಪಿಸ್ಟನ್ ಸವದದ, ಅದಕ್ಕ ದಮ್ಮಿಲ್ಲ," ಅಂದ. "ಹೊಸಾದು ಯಾಕ ಕೊಳ್ಳಬೇಕು? ಇದಕ್ಕ ಹೊಂದೋ ಪಾರ್ಟು ಕಲಬುರ್ಗ್ಯಾಗ ಸಿಗ್ತಾವ. ಹಾಕ್ಸಿದ್ರ ರೇವಣ್ಯಾಂದಕ್ಕಿಂತ ಜೋರ್ ಓಡ್ತದ."

"ನಾ ಒಯ್ದು ಮಾಡಿಸ್ಕೊಂಡ್ ಬರ್ತೀನಿ ಅಣ್ಣಾ."

"ಮೆಕ್ಯಾನಿಕ್‌ಗ ಕೊಡು ಮತ್ತ. ನೀ ಕೈ ಹಚ್ಚಬ್ಯಾಡ."

"ಹೂಂ" ಅಂದೆ. ಆ 'ಹೂಂ' ಅಂದದ್ದು ಬಾಯಿ ಮಾತ್ರ. ಕೈಯನ್ನು ಯಾರೂ ಕೇಳಿರಲಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಮೆಕ್ಯಾನಿಕ್ಕನ ಹತ್ತಿರ ಮೊದಲು ಹೋಗಿದ್ದೆ. ಕಲಬುರಗಿಯ ಹೊರಗೆ ನಂದೂರಿನ ದಾಲ್ ಮಿಲ್ಲುಗಳ ಹಿಂದೆ ಅವನ ಶೆಡ್ಡು. ಔಷಧಿ ಹೊಡೆಯುವ ಪಂಪು, ಗರಗಸ, ನೀರಿನ ಎಂಜಿನ್ನು ಎಲ್ಲವೂ ಅವನ ಮುಂದೆ ಆಸ್ಪತ್ರೆಯ ಸಾಲಿನಂತೆ ಮಲಗಿದ್ದವು.

"ಇಟ್ ಹೋಗ್ರಿ ಅಕ್ಕೋರ. ಅಮಾಸಿ ಆದ ಮ್ಯಾಲ ಬರ್ರಿ."

"ನಮಗ ಅಮಾಸಿ ಮದಲಿನ ಸೋಮಾರಕ್ಕ ಬೇಕಪ್ಪಾ."

"ಇವರೆಲ್ಲ ನಿಮಗಿಂತ ಮದಲ ಬಂದಾರ ನೋಡ್ರಿ" ಎಂದು ಆ ಸಾಲಿನ ಕಡೆ ಕೈ ತೋರಿಸಿದ. ರೋಗಿಗಳು ಸುಮ್ಮನೆ ಮಲಗಿದ್ದವು.

ಗರಗಸವನ್ನು ಎತ್ತಿಕೊಂಡು ಮನೆಗೆ ಬಂದೆ. ದಾರಿಯುದ್ದಕ್ಕೂ ಕುಕ್ಕರಿನ ರಿಂಗು ಕಣ್ಣ ಮುಂದೆ ಬರುತ್ತಿತ್ತು. ಅದೂ ರಿಂಗು, ಪಿಸ್ಟನ್ನಿಗಿರುವುದೂ ರಿಂಗು. ಅದೂ ಉಸಿರು ಹಿಡಿಯುತ್ತದೆ, ಇದೂ ಉಸಿರು ಹಿಡಿಯುತ್ತದೆ. ವ್ಯತ್ಯಾಸವೇನು? ಒಂದರಲ್ಲಿ ಬೇಳೆ ಬೇಯುತ್ತದೆ, ಇನ್ನೊಂದರಲ್ಲಿ ಇಲ್ಲ.

ಮಾರನೆಯ ಮಧ್ಯಾಹ್ನ ನಮ್ಮ ಮನೆಯವರು ಕಚೇರಿಗೆ ಹೋದ ಮೇಲೆ, ಫೋನಿನಲ್ಲಿ ವಿಡಿಯೋ ಹಚ್ಚಿ ಗೋಡೆಗೆ ಆನಿಸಿಟ್ಟು, ಹಿಟ್ಟು ನಾದುವ ಪರಾತದಲ್ಲಿ ಗರಗಸವನ್ನು ಮಲಗಿಸಿದೆ. ಬಿಚ್ಚುವ ಕೆಲಸ ಬಹಳ ಸುಲಭ. ಯಾವ ವಸ್ತುವೂ ಬಿಚ್ಚಿಸಿಕೊಳ್ಳಲು ಹಟ ಮಾಡುವುದಿಲ್ಲ. ಸ್ಕ್ರೂಗಳು ಕಳೆಯಬಾರದೆಂದು ಮಸಾಲೆ ಡಬ್ಬಿಯ ಬಟ್ಟಲುಗಳಲ್ಲಿ ಹಾಕಿದೆ: ಉದ್ದನೆಯವು ಜೀರಿಗೆಯ ಮೇಲೆ, ಸಣ್ಣವು ಸಾಸಿವೆಯ ಮೇಲೆ. ವಿಡಿಯೋದಲ್ಲಿ ಹೇಳಿದ್ದಕ್ಕಿಂತ ಇದು ಅಚ್ಚುಕಟ್ಟಾದ ಪದ್ಧತಿ ಎಂದು ನನ್ನನ್ನೇ ಮೆಚ್ಚಿಕೊಂಡೆ.

ಸಿಲಿಂಡರ್ ಎಂಬ ಲೋಟದಂಥ ಭಾಗ ಹೊರಗೆ ಬಂತು. ಮೈತುಂಬ ತೆಳು ತೆಳು ರೆಕ್ಕೆ, ನೆತ್ತಿಯಲ್ಲಿ ಪ್ಲಗ್ಗಿನ ತೂತು. ಅದರ ಒಳಗೆ ಮೇಲೆ ಕೆಳಗೆ ಓಡಾಡುವ ಪಿಸ್ಟನ್ನೂ ಹೊರಗೆ ಬಂತು. ಎರಡೂ ಕರ್ರಗೆ, ಹೋಳಿಗೆ ಸೀದ ಹಂಚಿನ ಹಾಗೆ.

ಕಪ್ಪು ಪಾತ್ರೆ ಕಂಡರೆ ಕೈ ಸುಮ್ಮನಿರುತ್ತದೆಯೇ? ಶ್ರಾವಣಕ್ಕೆಂದು ದೇವರ ಸಾಮಾನು ತೊಳೆಯಲು ನೆನೆಸಿಟ್ಟ ಹುಣಸೆಹಣ್ಣು ಹೇಗೂ ಇತ್ತು. ಸಿಲಿಂಡರಿನ ಹೊರಗೂ ಒಳಗೂ ಹುಣಸೆಹಣ್ಣು ಬಳಿದು, ಪಾತ್ರೆ ತಿಕ್ಕುವ ತಂತಿಯ ಜುಂಗಿನಿಂದ ಕೈ ಸೋಲುವ ತನಕ ತಿಕ್ಕಿದೆ. ಒಳಗೆ ಮೊದಲೇ ಕನ್ನಡಿಯಂತೆ ನುಣುಪಿತ್ತು. ಆ ನುಣುಪು ಜಿಡ್ಡಿರಬೇಕೆಂದುಕೊಂಡು ಅದನ್ನೂ ತೆಗೆದೆ.

ಸಾಯಂಕಾಲ ನಮ್ಮ ಮನೆಯವರಿಗೆ ಉಪ್ಪಿಟ್ಟು ಮಾಡಿಕೊಟ್ಟೆ. ಎರಡನೇ ತುತ್ತಿಗೆ ಅವರ ಅಗಿತ ನಿಂತಿತು. ಬಾಯೊಳಗೆ ಬೆರಳು ಹಾಕಿ ತಂತಿಯ ಒಂದು ಪುಟ್ಟ ಕಡಗವನ್ನು ಹೊರಗೆ ತೆಗೆದು ಬೆಳಕಿಗೆ ಹಿಡಿದರು.

"ಇದೇನ್ ಮಾರಾಯ್ತಿ?"

"ಪಿಸ್ಟನ್ ಪಿನ್ನಿನ ಲಾಕ್ ರೀ. ಸಾಸಿವಿಯೊಳಗಿತ್ತು. ಛಲೋ ಆತು, ಅದನ್ನೇ ಹುಡುಕಾಕತ್ತಿದ್ದೆ."

ಅವರು ತಾಟನ್ನು ಸರಿಸಿದರು. "ಸದರಿ ಉಪ್ಪಿಟ್ಟನ್ನು ತಿನ್ನಲು ಬರುವುದಿಲ್ಲ" ಎಂದು ಎದ್ದುಹೋದರು. ಕಚ್ಚಿದ್ದು ಮೊದಲೇ ಅಲ್ಲಾಡುತ್ತಿದ್ದ ಹಲ್ಲಿನಲ್ಲಿ. ಗಟ್ಟಿ ಹಲ್ಲು ಉಳಿಯಿತು. ಅದೂ ಶಿವನ ದಯೆ.

ಇನ್ನು ಹೊಸ ಪಿಸ್ಟನ್. ಸ್ಟೇಶನ್ ಬಜಾರದಲ್ಲಿ ಇಂಥ ಬಿಡಿಭಾಗ ಮಾರುವ ಅಂಗಡಿ ಇದೆ ಎಂದು ಮೆಕ್ಯಾನಿಕ್ಕನೇ ಹೇಳಿದ್ದ. ಹಳೆಯದನ್ನು ಒಯ್ದು ತೋರಿಸಿದರೆ ಅಳತೆ ನೋಡಿ ಕೊಡುತ್ತಾರೆ. ಆದರೆ ನಾನು ಹೊರಟ ದಿನ ಶ್ರಾವಣ ಸೋಮವಾರ. ತಲೆಗೆ ಸ್ನಾನ ಮಾಡಿ, ಮಡಿ ಸೀರೆ ಉಟ್ಟು, ಗುಡಿಗೆ ಹೋಗಿ ಹಾಗೇ ಅಂಗಡಿಗೆ ಹೋಗುವ ವಿಚಾರ. ಬಿಲ್ವಪತ್ರೆಯ ಚೀಲದಲ್ಲಿ ಆ ಮಸಿ ಬಡಿದ ಪಿಸ್ಟನ್ನನ್ನು ಹೇಗೆ ಹಾಕಲಿ? ಪಾಪ ಬರುತ್ತದೆ.

ಆಗ ಹೊಳೆಯಿತು. ತೊಟ್ಟಿಲ ಶಾಸ್ತ್ರಕ್ಕೆಂದು ಬಂದಾಗ ಮಗಳು ನಮ್ಮಲ್ಲೇ ಮರೆತು ಹೋಗಿದ್ದ ಮೊಮ್ಮಗಳ ಗಾಜಿನ ಬಳೆಗಳು! ಒಂದನ್ನು ತಂದು ಪಿಸ್ಟನ್ನಿಗೆ ತೊಡಿಸಿ ನೋಡಿದೆ. ಕೂತಿತು. ಸುತ್ತಲೂ ಒಂದು ಎಳೆ ಸಡಿಲ. ಪಿಸ್ಟನ್ ಸವೆದಿದೆ ಎಂದು ಅಣ್ಣನೇ ಹೇಳಿದ್ದನಲ್ಲ, ಸವೆದದ್ದಕ್ಕೇ ಈ ಸಡಿಲ. ಅಂದ ಮೇಲೆ ಸವೆಯದ ಹೊಸದು ಬಳೆಯ ತುಂಬ ಕೂಡಬೇಕು. ಎಷ್ಟು ಸರಳ ಲೆಕ್ಕ! ಬಳೆಯನ್ನು ಬಿಲ್ವಪತ್ರೆಯ ಪಕ್ಕದಲ್ಲಿ ಇಟ್ಟುಕೊಂಡು ಹೊರಟೆ.

ಅಂಗಡಿಯ ಚಾಚಾ ಕನ್ನಡಕ ಏರಿಸಿ ನನ್ನ ಕೈಯೊಳಗಿನ ಕೆಂಪು ಬಳೆಯನ್ನೂ ನನ್ನ ಮುಖವನ್ನೂ ನೋಡಿದರು.

"ಬಳಿ ಅಂಗಡಿ ಬಾಜೂಕ್ ಅದ ಅಮ್ಮಾ."

"ಬಳಿ ಅಲ್ಲ ಚಾಚಾ. ಇದರೊಳಗ ಕೂಡೋ ಪಿಸ್ಟನ್ ಕೊಡ್ರಿ. ಮರ ಕೊಯ್ಯೋ ಮಷೀನಿಂದು."

ಚಾಚಾ ಕನ್ನಡಕ ತೆಗೆದು ಒರೆಸಿಕೊಂಡರು. "ಇಷ್ಟ್ ವರ್ಷ ದುಕಾನ್ ನಡಸೀನಿ. ಬಳಿ ಹಿಡ್ಕೊಂಡು ಪಿಸ್ಟನ್ ಕೇಳಿದವರು ನೀವೇ ಪಹಲಾ," ಅಂದರು. "ಕೂದಲೆಳಿಯಷ್ಟ್ ಫರಕ್ ಆದ್ರೂ ನಡ್ಯಂಗಿಲ್ಲ. ಹಳೇದು ತಗೊಂಡ್ ಬರ್ರಿ. ಇಲ್ಲಂದ್ರ ಸಿಲಿಂಡರ್, ಪಿಸ್ಟನ್ ಜೋಡಿ ಸೆಟ್ ತಗೋರಿ. ನಿಮ್ ಮಷೀನಿಗೂ ಹೊಂದೋದು ಬರ್ತದ. ಜೋಡಿ ಜೋಡಿ ಇರಬೇಕು, ಗಂಡ ಹೆಂಡ್ತಿ ಇದ್ದಂಗ."

ಎಂಥ ಒಳ್ಳೆಯ ಮಾತು! ನನಗೆ ಆಗ ಅದು ವ್ಯಾಪಾರದ ಮಾತಾಗಿ ಕೇಳಿಸಿತು. ಕುಕ್ಕರಿನ ರಿಂಗು ಕೇಳಿದರೆ ಕುಕ್ಕರನ್ನೇ ಮಾರುವ ಅಂಗಡಿಗಳನ್ನು ನಾನು ಕಂಡಿಲ್ಲವೇ? ನಮ್ಮ ಸಿಲಿಂಡರನ್ನು ನಾನೇ ಹುಣಸೆಹಣ್ಣು ಹಚ್ಚಿ ಬೆಳಗಿಸಿ ಇಟ್ಟಿದ್ದೇನೆ, ಅದಕ್ಕೇನು ಧಾಡಿ?

"ಬರೀ ಪಿಸ್ಟನ್ ಸಾಕು."

ಅವರು ಒಂದಾದ ಮೇಲೊಂದು ತೆಗೆದಿಟ್ಟರು. ನಾನು ಒಂದೊಂದಕ್ಕೂ ಬಳೆ ತೊಡಿಸಿ ನೋಡಿದೆ. ಪಕ್ಕದಲ್ಲಿ ನಿಂತ ಗಿರಾಕಿಗಳು ತಮ್ಮ ಕೆಲಸ ಮರೆತು ನಿಂತರು. ಕೊನೆಗೆ ಒಂದು ಪಿಸ್ಟನ್ ಬಳೆಯ ತುಂಬ ಕೂತಿತು, ಗಾಳಿ ಆಡದ ಹಾಗೆ.

"ಇದು ಹೆವಿ ಡ್ಯೂಟಿ ಅದ. ನಿಮ್ದಕ್ಕಿಂತ ದೊಡ್ಡ ಮಷೀನಿಂದು," ಎಂದು ಚಾಚಾ ಎಚ್ಚರಿಸಿದರು. "ವಾಪಸ್ ತಗೊಳ್ಳಂಗಿಲ್ಲ, ನೋಡ್ರಿ."

ಹೆವಿ ಡ್ಯೂಟಿ ಎಂಬ ಮಾತು ಕೇಳಿ ನನ್ನ ಕಣ್ಣ ಮುಂದೆ ಬಂದದ್ದು ರೇವಣಪ್ಪನ ಹೆಂಡತಿಯ ಮುಖ. ತೆಗೆದುಕೊಂಡು ಬಂದೆ.

ಹೊಸ ವಸ್ತುವನ್ನು ಪೂಜೆಯಿಲ್ಲದೆ ಬಳಸುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಪಿಸ್ಟನ್ನನ್ನು ದೇವರ ಜಗಲಿಯ ಮೇಲಿಟ್ಟು, ನೆತ್ತಿಗೆ ಮೂರು ಬೆರಳ ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟು, ಕೈ ಮುಗಿದೆ. ಆಮೇಲೆ ಎಂಜಿನ್ನಿಗೆ ಜೋಡಿಸುವ ಮುಂಚೆ ಸಿಲಿಂಡರಿನಲ್ಲಿ ಒಮ್ಮೆ ಕೂಡಿಸಿ ನೋಡೋಣವೆಂದು ಕೆಳಗಿನಿಂದ ಒತ್ತಿದೆ. ನೆತ್ತಿಯ ಅಂಚು ಒಳಗೆ ಹೋಯಿತು. ಅಲ್ಲಿಗೆ ನಿಂತಿತು.

ಅದೇ ಹೊತ್ತಿಗೆ ಪಕ್ಕದ ಮನೆಯ ಸುಧಾಬಾಯಿ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದರು. ಬಟ್ಟಲು ಕೆಳಗಿಟ್ಟು ಕೂತೇಬಿಟ್ಟರು.

"ಏನ್ ಮಾಡ್ಲಿಕ್ಕತ್ತೀರಿ ಮಾದೇವಿಬಾಯಿ?"

"ಎಂಜಿನ್ ಅಪ್‌ಗ್ರೇಡ್ ಮಾಡಾಕತ್ತೀನ್ರಿ."

"ಅಗಬಾಯಿ! ಭಾಳ ಬಿಗಿ ಕಾಣಿಸ್ತದಲ್ಲ?"

"ಹೊಸಾದಲ್ಲೇನ್ರಿ, ಬಿಗಿ ಇರೋದೇ. ಬಳಿ ಹಂಗ."

ಬಳೆ ಅಂದದ್ದೇ ತಡ, ಇಬ್ಬರಿಗೂ ಒಮ್ಮೆಲೇ ಹೊಳೆಯಿತು. ಬಳೆಗಾರ ಬಿಗಿ ಬಳೆಯನ್ನು ಹೇಗೆ ಏರಿಸುತ್ತಾನೆ? ಸಾಬೂನು ಹಚ್ಚಿ. ಯಾವ ಹೆಂಗಸಿನ ಕೈಯನ್ನಾದರೂ ಅವನು ಆಗದು ಎಂದು ಬಿಟ್ಟಿದ್ದಾನೆಯೇ? ಕೈ ಕೆಂಪಾಗುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಬಳೆ ಮಾತ್ರ ಏರುತ್ತದೆ.

ಮೈ ಸಾಬೂನಿನ ನೊರೆ ಎಬ್ಬಿಸಿ ಪಿಸ್ಟನ್ನಿಗೆ ಬಳಿದೆ. ಸುಧಾಬಾಯಿ ಸಿಲಿಂಡರನ್ನು ತಲೆಕೆಳಗು ಮಾಡಿ ಎರಡೂ ಮೊಣಕಾಲ ನಡುವೆ ಗಟ್ಟಿ ಹಿಡಿದರು. ನಾನು ಲಟ್ಟಣಿಗೆಯ ತುದಿಯಿಂದ ಮೆಲ್ಲಗೆ ಬಡಿದೆ. ಒಂದಿಷ್ಟು ಸರಿಯಿತು.

"ಹೋಗ್ಲಿಕ್ಕತ್ತದ ನೋಡ್ರಿ, ಬಡೀರಿ," ಎಂದು ಸುಧಾಬಾಯಿ ಹುರಿದುಂಬಿಸಿದರು.

ಬಡಿದೆ. ಟಕ್ ಎಂದು ಅರ್ಧ ಹೋಯಿತು. ಆಮೇಲೆ ಬಡಿದದ್ದಕ್ಕೆ ಲಟ್ಟಣಿಗೆ ಸೀಳಿತು. ಪಿಸ್ಟನ್ ಮುಂದೆಯೂ ಹೋಗಲಿಲ್ಲ, ಹಿಂದೆಯೂ ಬರಲಿಲ್ಲ. ಅರ್ಧ ಒಳಗೆ, ಅರ್ಧ ಹೊರಗೆ. ಸುಧಾಬಾಯಿ ಖಾಲಿ ಬಟ್ಟಲು ಎತ್ತಿಕೊಂಡು "ಒಲಿ ಮ್ಯಾಲ ಹಾಲಿಟ್ಟೀನಿ" ಎಂದು ಹೊರಟುಹೋದರು. ಮಜ್ಜಿಗೆ ತೆಗೆದುಕೊಳ್ಳಲೂ ಇಲ್ಲ.

ಒಂದರೊಳಗೊಂದು ಸಿಕ್ಕಿಬಿದ್ದ ಸ್ಟೀಲ್ ಲೋಟಗಳನ್ನು ಬಿಡಿಸುವ ವಿದ್ಯೆ ನನಗೆ ಗೊತ್ತಿತ್ತು. ಇಡ್ಲಿ ಪಾತ್ರೆಯಲ್ಲಿಟ್ಟು ಬೇಯಿಸಿದೆ. ಆಗಲಿಲ್ಲ. ಐಸಿನ ಪೆಟ್ಟಿಗೆಯಲ್ಲಿಟ್ಟು ತಣಿಸಿದೆ. ಆಗಲಿಲ್ಲ. ನಮ್ಮ ಮನೆಯವರು ತಣ್ಣೀರಿಗೆಂದು ಫ್ರಿಜ್ಜು ತೆರೆದವರು ಅದರ ಮುಂದೆಯೇ ನಿಂತರು.

"ಇದರ ಬಗ್ಗೆ ಏನಾದರೂ ಹೇಳೋದದ ಏನು?"

"ಇಲ್ಲ."

"ಬಸಣ್ಣಗ ಗೊತ್ತದ?"

"ಇಲ್ಲ."

ಅವರು ಫ್ರಿಜ್ಜಿನ ಬಾಗಿಲನ್ನು ಮೆಲ್ಲಗೆ ಮುಚ್ಚಿದರು. ಇಷ್ಟು ವರ್ಷದ ಸಂಸಾರದಲ್ಲಿ ಅವರು ನನ್ನ ಮೇಲೆ ಕರುಣೆ ತೋರಿಸಿದ್ದು ಅದೇ ಮೊದಲು. ಬೈದಿದ್ದರೆ ಚೆನ್ನಾಗಿತ್ತು.

ಆವತ್ತಿನಿಂದ ಅಣ್ಣನ ಫೋನು ಬಂದರೆ ನಾಲ್ಕು ಸಲ ಬಡಿದುಕೊಂಡ ಮೇಲೆ ಎತ್ತುತ್ತಿದ್ದೆ.

"ಹೆಂಗ ನಡದದ ತಂಗಿ, ಕೆಲಸ?"

ಶ್ರಾವಣದಲ್ಲಿ ಸುಳ್ಳು ಹೇಳಬಾರದು. ನಾನು ಹೇಳಲಿಲ್ಲ. "ಅರ್ಧಕ್ಕ ಬಂದದ ಅಣ್ಣಾ."

"ಪಿಸ್ಟನ್ ಛಲೋ ಕೂತದಿಲ್ಲೋ?"

"ಭಾಳ ಬಿಗಿ ಕೂತದ."

"ಬಿಗಿ ಇರಬೇಕು! ಬಿಗಿ ಇದ್ರನ ದಮ್ಮು," ಎಂದು ಅಣ್ಣ ಹಿಗ್ಗಿದ. "ಊರಾಗೆಲ್ಲ ಹೇಳೀನಿ, ತಂಗಿ ಕಲಬುರ್ಗ್ಯಾಗ ಎಂಜಿನ್ನೇ ಬದಲ್ ಮಾಡಾಕತ್ತಾಳ ಅಂತ. ರೇವಣ್ಯಾಗೂ ಕೇಳ್ಲಿ ಅಂತ ಜೋರಾಗೇ ಹೇಳೀನಿ."

ಒಂದು ಕೂಡ ಸುಳ್ಳಿಲ್ಲದ ಆ ಮಾತುಗಳಿಗಾಗಿ ನಾನು ಪೂಜೆಯಲ್ಲಿ ಕೂತು ಪಟ್ಟ ನಾಚಿಕೆ ಶಿವನಿಗೇ ಗೊತ್ತು. ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡರೆ ಕಣ್ಣೆತ್ತಿ ನೋಡಲು ಆಗುತ್ತಿರಲಿಲ್ಲ. "ಎಪ್ಪಾ, ಎಲ್ಲಾ ಬಲ್ಲಾತ ನೀ, ಆ ಪಿಸ್ಟನ್ ಒಂದು ಬಿಡಿಸಿಕೊಡು" ಎಂದು ಬೇಡಿಕೊಂಡೆ. ಅವನು ಬಿಡಿಸಲಿಲ್ಲ. ಬೇಡುವ ಭಕ್ತೆಗೆ ಬುದ್ಧಿ ಬರಲಿ ಎಂದಿರಬೇಕು.

ಮಂಗಲದ ಹಿಂದಿನ ದಿನ ಗರಗಸದ ದೇಹವನ್ನು ಗೋಣಿಚೀಲದಲ್ಲಿ, ಸಿಲಿಂಡರನ್ನು ಟವೆಲಿನಲ್ಲಿ, ಸ್ಕ್ರೂಗಳನ್ನು ಮಸಾಲೆ ಡಬ್ಬಿಯಲ್ಲಿ ಹಾಕಿಕೊಂಡು ನಾವಿಬ್ಬರೂ ಕಮಲಾಪುರದ ಬಸ್ಸು ಹತ್ತಿದೆವು. ಈ ಸಲ ದಾರಿಯಲ್ಲಿ ನಿದ್ದೆ ಬರಲಿಲ್ಲ. ಊರು ಎಂದೂ ಅಷ್ಟು ಬೇಗ ಬಂದಿರಲಿಲ್ಲ.

ಅಣ್ಣ ಬಾಗಿಲಲ್ಲೇ ಕಾಯುತ್ತಿದ್ದ. ಪೆಟ್ರೋಲ್ ತಂದಿಟ್ಟಿದ್ದ. ಎಂಜಿನ್ನಿನ ಸದ್ದು ಕೇಳಲು ಕಟ್ಟೆಯ ಮೇಲೆ ನಾಲ್ಕು ಮಂದಿ ಹಿರಿಯರೂ ಕೂತಿದ್ದರು. ಎದುರಿನ ಕಿಟಕಿಯಲ್ಲಿ ರೇವಣಪ್ಪನ ಹೆಂಡತಿ ಅಕ್ಕಿ ಆರಿಸುತ್ತಿದ್ದಳು. ಒಂದೇ ಅಕ್ಕಿಯನ್ನು ಎಷ್ಟು ಹೊತ್ತು ಆರಿಸುತ್ತಿದ್ದಳೋ.

"ಒಳಗ ನಡಿ ಅಣ್ಣಾ," ಅಂದೆ.

"ಇಲ್ಲೇ ಚಾಲೂ ಮಾಡೂಣು."

"ಒಳಗ ನಡಿ."

ಒಳಗೆ ಹೋಗಿ ಟವೆಲು ಬಿಚ್ಚಿದೆ. ಅಣ್ಣ ಸಿಲಿಂಡರನ್ನು ಕೈಗೆ ತೆಗೆದುಕೊಂಡ. ತಿರುಗಿಸಿ ನೋಡಿದ. ಪಕ್ಕದ ಹೊಗೆ ಕಿಂಡಿಯಿಂದ ಬೆರಳನ್ನು ಒಳಗೆ ಹಾಕಿ ಸವರಿದ.

"ಒಳಗ ಗೀರು ಯಾಕ ಬಿದ್ದಾವ?"

"ಹುಣಸೀಹಣ್ಣು ಹಚ್ಚಿ ತಿಕ್ಕೀನಿ. ತಂತಿ ಜುಂಗಿಲೆ."

ಅವನು ಅದನ್ನು ಮೂಗಿನ ಹತ್ತಿರ ಹಿಡಿದ. "ಸಾಬೂನಿನ ವಾಸನಿ ಬರ್ತದಲ್ಲ."

"ಹೂಂ."

ಬ್ಯಾಟರಿ ದೀಪ ತಂದು ಪ್ಲಗ್ಗಿನ ತೂತಿನಿಂದ ಇಣುಕಿದ. ಬಹಳ ಹೊತ್ತು ಇಣುಕಿದ. ಆಮೇಲೆ ನನ್ನ ಕಡೆ ತಿರುಗಿ, ಬಾವಿಯೊಳಗೆ ಏನೋ ಕಂಡವನ ದನಿಯಲ್ಲಿ ಕೇಳಿದ: "ತಂಗಿ, ಒಳಗ ಕುಂಕುಮ ಯಾಕ ಅದ?"

ವೈನಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡಿಗೆಮನೆಗೆ ಓಡಿದಳು. ನಾನು ಎಲ್ಲವನ್ನೂ ಹೇಳಿದೆ, ಬಳೆಯಿಂದ ಲಟ್ಟಣಿಗೆಯವರೆಗೆ. ಹಳೆಯ ಪಿಸ್ಟನ್ನನ್ನೇ ಮತ್ತೆ ಹಾಕಬಹುದಿತ್ತು, ಹೊಸದು ಹೊರಗೆ ಬಂದಿದ್ದರೆ, ಒಳಗೆ ಗೀರು ಬಿದ್ದಿರದಿದ್ದರೆ. ಎರಡೂ ದಾರಿಯನ್ನು ನಾನೇ ಮುಚ್ಚಿದ್ದೆ. ಅಣ್ಣ ಸಿಲಿಂಡರನ್ನು ಟವೆಲಿನಲ್ಲಿ ಮತ್ತೆ ಸುತ್ತಿ, ಮಲಗಿದ ಕೂಸಿನ ಹಾಗೆ ಮೂಲೆಯಲ್ಲಿಟ್ಟ.

ಅಷ್ಟರಲ್ಲಿ ಮಠದ ಮೈಕು ಶುರುವಾಯಿತು. "ನಾಳೆಯ ಮಂಗಲಕ್ಕೆ ಕಟ್ಟಿಗೆ ಸೇವೆ, ಕಲಬುರಗಿಯ ಮಹಾದೇವಮ್ಮನವರು. ಭಕ್ತರು ಸಾಯಂಕಾಲದೊಳಗೆ ಕಟ್ಟಿಗೆ ಮುಟ್ಟಿಸಬೇಕಾಗಿ ವಿನಂತಿ."

"ಕೊಡ್ಲಿಲೆ ಕಡೀತೀನಿ," ಎಂದು ಅಣ್ಣ ಎದ್ದ. ಆ ಬೇವಿನ ಬೊಡ್ಡೆ ಇಬ್ಬರು ತಬ್ಬಿದರೂ ಸಿಗದಂಥದ್ದು. ಅವನ ಸೊಂಟ ಹಿಡಿದು ವರ್ಷವಾಗಿದೆ. ಒಲೆ ಹೊತ್ತಬೇಕು, ಊರು ಉಣ್ಣಬೇಕು, ಈ ವಯಸ್ಸಿನಲ್ಲಿ ನನ್ನ ಬಾಯಿ ಆಡಿದ್ದಕ್ಕೆ ಅವನು ಕೊಡಲಿ ಬೀಸಬೇಕು.

ನಾನು ಚಪ್ಪಲಿ ಕೂಡ ಮೆಟ್ಟದೆ ಓಣಿ ದಾಟಿದೆ. ನಾಲ್ಕೇ ಹೆಜ್ಜೆ. ಕಟ್ಟೆಯ ಮೇಲಿನ ಹಿರಿಯರು ನನ್ನ ಕಡೆ ತಿರುಗಿ ಕೂತರು. ಕಿಟಕಿಯಲ್ಲಿ ಅಕ್ಕಿ ಆರಿಸುವ ಕೈ ನಿಂತಿತು.

"ರೇವಣಪ್ಪಾ," ಅಂದೆ, "ನಾ ನಮ್ಮಣ್ಣನ ಮಷೀನ್ ಕೆಡಿಸೀನಿ. ಅಂವ ಕೆಡಿಸಿಲ್ಲ, ನಾ ಕೆಡಿಸೀನಿ. ಶಿವನ ಒಲಿಗಿ ಕಟ್ಟಿಗಿ ಆಗಬೇಕು. ನಿಂದು ಒಂದಿಷ್ಟು ಹೊತ್ತು ಕೊಡು."

ರೇವಣಪ್ಪ ನನ್ನನ್ನೂ ನೋಡಿದ, ನಮ್ಮ ಬಾಗಿಲನ್ನೂ ನೋಡಿದ. ಒಳಗೆ ಹೋಗಿ ಗರಗಸ ತಂದು ನನ್ನ ಕೈಗಿಟ್ಟ.

"ಒಯ್ರಿ ಅಕ್ಕಾ. ಪೆಟ್ರೋಲ್ ಹಾಕಿದ್ದದ." ಆಮೇಲೆ ಓಣಿಗೆಲ್ಲ ಕೇಳುವ ಹಾಗೆ, "ಬಸಣ್ಣಗ ಹೇಳ್ರಿ, ಹುಡುಗೂರ ಆಟಗಿ ಸಾಮಾನು ಬಂದದ, ನೋಡ್ಕೊಂಡ್ ಆಡು ಅಂತ."

ಕಟ್ಟೆಯ ಹಿರಿಯರು ನಕ್ಕರು. ಅಣ್ಣ ಬಾಗಿಲಲ್ಲಿ ನಿಂತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ. ನನ್ನ ಕಾಲ ಕೆಳಗಿನ ಭೂಮಿ ಬಿರಿದು ನನ್ನನ್ನು ನುಂಗಿದ್ದರೆ ಅದನ್ನೂ ಶಿವನ ದಯೆಯಲ್ಲಿ ಸೇರಿಸುತ್ತಿದ್ದೆ.

ಹೊಲದಲ್ಲಿ ಅಣ್ಣ ಹಗ್ಗ ಎಳೆದ. ಒಂದೇ ಎಳೆತಕ್ಕೆ ಚಾಲೂ ಆಯಿತು. ಅವನು ಬೆಚ್ಚಿದ, ಎಷ್ಟೋ ವರ್ಷದಿಂದ ಅವನಿಗೆ ಅದರ ರೂಢಿ ತಪ್ಪಿತ್ತು. ಬೊಡ್ಡೆ ಬೆಣ್ಣೆಯಂತೆ ತುಂಡಾಯಿತು. ಸ್ವಲ್ಪ ಹೊತ್ತಿಗೆ ರೇವಣಪ್ಪನೇ ಹೊಲಕ್ಕೆ ಬಂದ, ತನ್ನ ಮಷೀನಿನ ಮೇಲೆ ಜೀವ ತಡೆಯದೆ. "ಅಷ್ಟ್ ಒತ್ತಬ್ಯಾಡೋ, ಅದರ ಪಾಡಿಗೆ ಅದು ಕೊಯ್ತದ," ಅಂದ. ಅಣ್ಣ "ನನಗ ಕಲಸ್ತಿಯೇನ್?" ಅಂದ. ವರ್ಷಗಟ್ಟಲೆ ಮಾತು ಬಿಟ್ಟವರು ಸಂಜೆಯವರೆಗೂ ಜಗಳಾಡುತ್ತ ಕಟ್ಟಿಗೆ ಕೊಯ್ದರು. ಟ್ರ್ಯಾಕ್ಟರು ತುಂಬಿತು.

ಮರುದಿನ ಹುಗ್ಗಿಯ ಕಡಾಯಿಯ ಕೆಳಗೆ ಬೇವಿನ ಕಟ್ಟಿಗೆ ಉರಿಯುತ್ತಿದ್ದಾಗ ಮೈಕು ಹೇಳಿತು: "ಬೆಲ್ಲದ ಸೇವೆ, ರೇವಣಪ್ಪನವರ ಮನೆಯವರು. ಗರಗಸ ಸೇವೆ, ರೇವಣಪ್ಪನವರು. ಕಟ್ಟಿಗೆ ಸೇವೆ, ಕಲಬುರಗಿಯ ಮಹಾದೇವಮ್ಮನವರು." ಗರಗಸವೂ ಒಂದು ಸೇವೆಯೆಂದು ಬರೆಸಿದವರು ಯಾರೆಂದು ವಿಚಾರಿಸಿದೆ. ನಮ್ಮ ಅಣ್ಣ. 'ಇರೂದು ಇದ್ದಂಗ ಹೇಳಬೇಕು' ಅಂದನಂತೆ. ಪಂಕ್ತಿಯಲ್ಲಿ ಅವರಿಬ್ಬರೂ ಅಕ್ಕಪಕ್ಕ ಕೂತಿದ್ದರು. ಮಾತಿಲ್ಲ, ಆದರೆ ರೇವಣಪ್ಪನ ಎಲೆಗೆ ತುಪ್ಪ ಬೀಳದೆ ಹೋದಾಗ ಬಡಿಸುವವನನ್ನು ಕೂಗಿ ಕರೆದದ್ದು ಅಣ್ಣ.

ನನ್ನ ಪಕ್ಕದಲ್ಲಿ ಕೂತಿದ್ದ ರೇವಣಪ್ಪನ ಹೆಂಡತಿ ನನ್ನ ಕೈ ನೋಡಿ, "ಬಳಿ ಭಾಳ ಚಂದ ಅದಾವ್ರಿ ಅಕ್ಕಾ. ಯಾವ ಅಳತಿ?" ಅಂದಳು. ಊರಿಗೆಲ್ಲ ಗೊತ್ತಾಗಿತ್ತು. ನಾನು ತಲೆ ತಗ್ಗಿಸಿ ಹುಗ್ಗಿ ಉಂಡೆ. ಹುಗ್ಗಿ ಚೆನ್ನಾಗಿತ್ತು. ಬೆಲ್ಲ ಹದವಾಗಿತ್ತು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ಹೊರಡುವಾಗ ಅಣ್ಣ ಕೆಂಪು ಬಾಳೆಹಣ್ಣಿನ ಒಂದು ಚಿಪ್ಪು ಕೊಟ್ಟ. ಜೊತೆಗೆ ಟವೆಲಿನ ಗಂಟನ್ನೂ ಕೊಟ್ಟ.

"ಇದನ್ನ ನೀನೇ ಇಟ್ಕೋ ತಂಗಿ. ಹೊಸ ಜೋಡಿ ಸೆಟ್ಟು ನಾನೇ ಬಂದು ತರ್ತೀನಿ. ನೀ ಬರಬ್ಯಾಡ." ಸ್ವಲ್ಪ ತಡೆದು, "ಬಳೀನೂ ಕಳಸಬ್ಯಾಡ," ಅಂದ.

ಬಿಸಾಕಲು ಮನಸ್ಸು ಬರಲಿಲ್ಲ. ಎಷ್ಟಾದರೂ ಒಳಗೆ ವಿಭೂತಿ, ಕುಂಕುಮ ಇದೆ. ಈಗ ಅದು ನಮ್ಮ ದೇವರ ಜಗಲಿಯ ಮೇಲೆ ನಿಂತಿದೆ. ಪ್ರತಿದಿನ ನೆತ್ತಿಯ ಪ್ಲಗ್ಗಿನ ತೂತಿಗೆ ಬಾಳೆಹಣ್ಣಿನ ಒಂದು ತುಂಡು ಒತ್ತಿ, ಅದಕ್ಕೆ ಊದಬತ್ತಿ ಚುಚ್ಚುತ್ತೇನೆ. ಅಲ್ಲಾಡುವುದಿಲ್ಲ, ವಾಲುವುದಿಲ್ಲ. ಬೂದಿ ರೆಕ್ಕೆಗಳ ನಡುವೆ ಬೀಳುತ್ತದೆ, ಜಗಲಿ ಹೊಲಸಾಗುವುದಿಲ್ಲ.

ಮೊನ್ನೆ ನಮ್ಮ ಮನೆಯವರು ಕೈ ಮುಗಿಯಲು ಬಂದವರು ತೂತಿನ ತುಂಬ ಕೂತ ಬಾಳೆಹಣ್ಣನ್ನು ಬಹಳ ಹೊತ್ತು ನೋಡಿದರು. "ಒಟ್ಟಿನ ಮ್ಯಾಲ ಸದರಿ ಯಂತ್ರಕ್ಕ ಹೊಂದೋ ಒಂದು ಬಿಡಿಭಾಗ ಸಿಕ್ಕಂಗಾತು," ಅಂದರು.

ಸಾಬೂನು ಕೂಡ ಬೇಕಾಗಲಿಲ್ಲ.